ಕೋರ್ಟಿಗೆ ಹೋದ ಶಟರು

ಬೀಗದಣ್ಣ ಹಲ್ಲುಜ್ಜುತ್ತಿದ್ದಾಗ ಗಿರಾಕಿಯೊಬ್ಬ ಮನೆಬಾಗಿಲಿಗೇ ಬಂದ. ತೊಂದರೆ ಶುರುವಾದದ್ದು ಅಲ್ಲಿಂದ.

ಬಂದವನು ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡಿದ್ದ ತೆಳ್ಳನೆಯ ಮನುಷ್ಯ. ಬಿಸಿಲಿಗೆ ಹಾಕಿ ತೆಗೆಯಲು ಮರೆತ ಅಂಗಿಯ ಹಾಗೆ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಬೀಗ ರಿಪೇರಿ ಮಾಡೋರು ನೀವೇನಾ?"

ಬೀಗದಣ್ಣ ನೊರೆ ಉಗುಳಿ, "ನಾನೇ" ಅಂದ. ಅವನಿಗೆ ಬೇರೆ ಹೆಸರೂ ಇತ್ತು. ಆದರೆ ಅದನ್ನು ಯಾರೂ ಬಳಸದೆ ಅದು ತುಕ್ಕು ಹಿಡಿದುಹೋಗಿತ್ತು. ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು, ಅವನಿಗಿಂತ ದೊಡ್ಡವರೂ ಸಹ.

"ನಾನು ಕೋರ್ಟಿನ ಅಮೀನ. ತೀರ್ಪಾದ ಮೇಲೂ ಜಾಗ ಬಿಡದೆ ಕೂತಿರ್ತಾರಲ್ಲ, ಅಂಥೋರನ್ನ ಎಬ್ಬಿಸೋದು ನನ್ನ ಕೆಲಸ. ಇವತ್ತು ಒಂದು ಕಡೆ ಬೀಗ ಒಡೀಬೇಕು. ದಾರೀಲಿ ವಿಚಾರಿಸಿದ್ದಕ್ಕೆ ನಿಮ್ಮ ಮನೆ ತೋರಿಸಿದ್ರು."

"ಒಡೆಯೋದು ಕಲ್ಲು ಒಡೆಯೋರ ಕೆಲಸ ಸಾರ್. ನಾನು ತೆಗೀತೀನಿ. ನಾನು ತೆಗೆಯಲಾರದ ಬೀಗ ಈ ಊರಲ್ಲಿ ಇನ್ನೂ ಹುಟ್ಟಿಲ್ಲ."

"ಆ ಮನುಷ್ಯ ಗಲಾಟೆ ಮಾಡಬಹುದು."

"ಮಾಡಲಿ ಬಿಡಿ. ಕೋರ್ಟೇ ಹೇಳಿದ ಮೇಲೆ ಬಾಯಿ ಬಿಡೋಕೆ ಅವನ್ಯಾರು? ಇಂಥೋರಿಗೆಲ್ಲ ಹೀಗೇ ಆಗ್ಬೇಕು."

ಒಳಗಿನಿಂದ ಹೆಂಡತಿಯ ದನಿ ಬಂತು. "ರೀ, ಮುಂಗಡ ಇಸ್ಕೊಳ್ಳಿ. ಕೋರ್ಟಿನವರು, ಆಮೇಲೆ ಅಲೆಸ್ತಾರೆ."

ಅಮೀನ ಮುಂಗಡ ಕೊಟ್ಟು ಸಹಿ ಹಾಕಿಸಿಕೊಂಡ. ಬೀಗದಣ್ಣ ಸಲಕರಣೆಯ ಚೀಲ ಹೆಗಲಿಗೇರಿಸಿ ಅವನ ಹಿಂದೆ ಹೊರಟ.

ನಡೆಯುತ್ತ ನಡೆಯುತ್ತ ಅಮೀನ ಬೀಗದಣ್ಣನ ಅಂಗಡಿಯಿರುವ ರಸ್ತೆಗೇ ತಿರುಗಿದ. ಬೀಗದಣ್ಣನಿಗೆ ಕುತೂಹಲ ತಡೆಯಲಾಗಲಿಲ್ಲ. ಯಾರಿರಬಹುದು? ಜೆರಾಕ್ಸ್ ಅಂಗಡಿಯವನೇ ಇರಬೇಕು. ಕೋರ್ಟಿನ ಕಾಗದಗಳನ್ನು ಪ್ರತಿ ಮಾಡಿ ಮಾಡಿ ಅವನಿಗೆ ತಾನೇ ವಕೀಲನೆಂಬ ಭ್ರಮೆ ಬಂದಿತ್ತು. ಮಾತೆತ್ತಿದರೆ "ಇದರಲ್ಲೊಂದು ಲಾ ಪಾಯಿಂಟ್ ಇದೆ" ಅನ್ನುತ್ತಿದ್ದುದರಿಂದ ಜನ ಅವನನ್ನು ಲಾ ಪಾಯಿಂಟು ಎಂದೇ ಕರೆಯುತ್ತಿದ್ದರು. ಅವನ ಅಂಗಡಿಯ ಬೀಗ ತೆಗೆಯುವುದೆಂದರೆ ಬೀಗದಣ್ಣ ಮಜೂರಿಯನ್ನೂ ಬಿಡಲು ತಯಾರಿದ್ದ.

ಆದರೆ ಅಮೀನ ಜೆರಾಕ್ಸ್ ಅಂಗಡಿಯನ್ನು ದಾಟಿದ. ಹೊಲಿಗೆಯಕ್ಕನ ಅಂಗಡಿಯನ್ನೂ ದಾಟಿದ. ಮುಂದಿನ ಶಟರಿನ ಎದುರು ನಿಂತು ಫೈಲು ಬಿಚ್ಚಿ ನೋಡಿ, "ಇದೇ. ತೆಗೀರಿ" ಅಂದ.

"ಯಾವುದನ್ನ?"

"ಇದನ್ನೇ ಸ್ವಾಮಿ."

"ಇದು ನನ್ನ ಅಂಗಡಿ!"

ಅಮೀನ ಫೈಲನ್ನೊಮ್ಮೆ ನೋಡಿದ, ಬೀಗದಣ್ಣನನ್ನೊಮ್ಮೆ ನೋಡಿದ. ಅವನ ಮುಖಕ್ಕೆ ಮೊದಲ ಸಲ ಸ್ವಲ್ಪ ಬಣ್ಣ ಬಂತು. "ಪ್ರತಿವಾದಿ ನೀವೇನಾ? ಒಳ್ಳೇದಾಯ್ತು. ಇಬ್ಬರನ್ನ ಹುಡುಕೋದು ತಪ್ಪಿತು."

ಬೀಗದಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಬೇಕೆಂದು ಮಾಲೀಕ ದಾವೆ ಹಾಕಿದ್ದ. ಬೀಗದಣ್ಣ ಕೋರ್ಟಿನ ಮೆಟ್ಟಿಲು ತುಳಿಯಲೇ ಇಲ್ಲ. ಅವನು ಬಾರದಿದ್ದರೂ ಕೋರ್ಟು ಕೆಲಸ ಮುಗಿಸಿತ್ತು. ಏಕಪಕ್ಷೀಯ ತೀರ್ಪು.

"ಏಕಪಕ್ಷೀಯ ಅಂದ್ರೆ?"

"ಒಬ್ಬರೇ ಮಾತಾಡಿ ಮುಗಿಸಿದ ಜಗಳ" ಅಂದ ಅಮೀನ.

"ನನಗೆ ಯಾರೂ ಹೇಳಲೇ ಇಲ್ಲವಲ್ರೀ! ಇದು ನಮ್ಮಪ್ಪ ಇಟ್ಟ ಅಂಗಡಿ. ಮೊಳೆ ಹೊಡೆದು ಕೀಲಿಕೈ ನೇತುಹಾಕಿರೋ ಆ ಗೋಡೆ ಇದೆಯಲ್ಲ, ಅದರ ಒಂದೊಂದು ಮೊಳೆಯೂ ಅವರು ಹೊಡೆದದ್ದು. ಹೇಳದೆ ಕೇಳದೆ ಬಿಡು ಅಂದ್ರೆ ಬಿಟ್ಟುಬಿಡ್ತೀನಾ? ಅದೇ ಗೋಡೆಗೆ ನನ್ನನ್ನೂ ನೇತುಹಾಕಿ, ಇಲ್ಲಿಂದ ಕದಲೋಲ್ಲ!"

"ಬೆಳಗ್ಗೆ ನೀವೇ ಹೇಳಿದ್ರಲ್ಲ, ಕೋರ್ಟು ಹೇಳಿದ ಮೇಲೆ ಬಾಯಿ ಬಿಡಬಾರದು ಅಂತ."

"ಅದು ಬೇರೆಯವರ ಅಂಗಡಿಯ ವಿಚಾರ!"

ಆ ಹೊತ್ತಿಗೆ ಜನ ಸೇರಿದ್ದರು. ಲಾ ಪಾಯಿಂಟು ಜೆರಾಕ್ಸ್ ಯಂತ್ರವನ್ನು ಹಾಗೇ ಬಿಟ್ಟು ಓಡಿಬಂದಿದ್ದ. ಹೊಲಿಗೆಯಕ್ಕ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದಳು.

"ಸಮನ್ಸು ಇಲ್ಲೇ ಅಂಟಿಸಿದ್ದಾರೆ ಅಂತ ಫೈಲಲ್ಲಿದೆ" ಎಂದು ಅಮೀನ ಶಟರಿನ ಕೆಳಭಾಗವನ್ನು ತೋರಿಸಿದ. ಅಲ್ಲಿ 'ಹೊಲಿಗೆ ಕಲಿಸಲಾಗುವುದು, ಮಹಿಳೆಯರಿಗೆ ಮಾತ್ರ' ಎಂಬ ಗುಲಾಬಿ ಬಣ್ಣದ ಕಾಗದವಿತ್ತು. ಅಮೀನ ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿದ. ಅಡಿಯಲ್ಲಿ ಕೋರ್ಟಿನ ಮೊಹರು ಕಾಣಿಸಿತು.

ಎಲ್ಲರೂ ಹೊಲಿಗೆಯಕ್ಕನ ಕಡೆ ತಿರುಗಿದರು.

"ನನ್ನನ್ನೇನು ನೋಡ್ತೀರಿ? ಯಾರೋ ಬೋಳು ಕಾಗದ ಅಂಟಿಸಿ ಹೋಗಿದ್ರು. ನೋಡೋಕೆ ಅಸಹ್ಯ ಆಗ್ತಿತ್ತು. ಅದರ ಮೇಲೆ ನಂದೊಂದು ಅಂಟಿಸಿದೆ. ಬೀಗದಣ್ಣನ ಅಂಗಡಿ ಚೆಂದ ಕಾಣಲಿ ಅಂತಲೇ ಮಾಡಿದ್ದು."

ಬೀಗದಣ್ಣ ಅದನ್ನು ಎಂದೂ ನೋಡಿರಲಿಲ್ಲ. ಬೆಳಗ್ಗೆ ಕಣ್ಣುಜ್ಜುತ್ತ ಬಂದು ಶಟರು ಎತ್ತಿದರೆ ಅದರ ಮೇಲಿದ್ದದ್ದೆಲ್ಲ ಸುರುಳಿಯೊಳಗೆ ಸೇರಿಬಿಡುತ್ತಿತ್ತು. ಕತ್ತಲಾದ ಮೇಲೆ ಇಳಿಸಿ ಬೀಗ ಹಾಕಿ ಬೆನ್ನು ತಿರುಗಿಸಿದರೆ ಮುಗಿಯಿತು. ಪಾಪ, ಆ ಸಮನ್ಸು ದಿನವಿಡೀ ಅವನ ತಲೆಯ ಮೇಲೆಯೇ ಸುತ್ತಿಕೊಂಡು ಕೂತಿತ್ತು.

"ಸಂಜೆವರೆಗೂ ಟೈಮ್ ಕೊಡ್ತೀನಿ" ಅಂದ ಅಮೀನ. "ಬೇರೆ ಕಡೆ ಕೆಲಸ ಇದೆ, ಮುಗಿಸಿ ಬರ್ತೀನಿ. ಅಷ್ಟರಲ್ಲಿ ಕೋರ್ಟಿನಿಂದ ಆದೇಶ ತಂದ್ರೆ ಸರಿ. ಇಲ್ಲಾಂದ್ರೆ ಬೇರೆ ಬೀಗದವನನ್ನ ಕರ್ಕೊಂಡು ಬರ್ತೀನಿ."

ಜಾಗ ಬಿಡಬೇಕೆಂದಾಗಲೂ ಬೀಗದಣ್ಣನಿಗೆ ಅಷ್ಟು ಉರಿದಿರಲಿಲ್ಲ. "ಬೇರೆಯವನಾ? ನನ್ನ ಬೀಗಕ್ಕೆ ಬೇರೆಯವನು ಕೈ ಹಾಕ್ತಾನಾ? ಕರ್ಕೊಂಡು ಬನ್ನಿ ನೋಡೋಣ! ಅದು ನಾನೇ ಮಾಡಿದ ಬೀಗ, ನನ್ನ ಹೆಂಡತಿ ಕೈಲೂ ತೆಗೆಯೋಕಾಗಿಲ್ಲ!" ಎಂದು ಮುಂಗಡವನ್ನು ಅಮೀನನ ಜೇಬಿಗೆ ತುರುಕಿದ.

ಅಮೀನ ಹೋದ. ಲಾ ಪಾಯಿಂಟು ಗಂಟಲು ಸರಿಮಾಡಿಕೊಂಡ.

"ಬೀಗದಣ್ಣ, ಇದರಲ್ಲೊಂದು ಲಾ ಪಾಯಿಂಟ್ ಇದೆ. ಸಮನ್ಸು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂತ ಸಾಬೀತಾದ್ರೆ ತೀರ್ಪನ್ನೇ ರದ್ದು ಮಾಡಿಸಬಹುದು. ಇದನ್ನ ಸಹಜ ನ್ಯಾಯ ಅಂತಾರೆ. ಸಾಕ್ಷಿ ನಮ್ಮ ಮುಂದೇನೇ ಇದೆ. ಗುಲಾಬಿ ಕಾಗದ ಮೇಲೆ, ಸಮನ್ಸು ಕೆಳಗೆ."

"ಕಿತ್ಕೊಂಡು ಹೋಗೋಣ."

"ಕಿತ್ತರೆ ಹರಿಯುತ್ತೆ. ಈಗ ತಾನೇ ಅಂಟಿಸಿ ತಂದಿದ್ದೀರಿ ಅಂತಲೂ ಅಂದಾರು."

"ಫೋಟೋ? ನಿಮ್ಮ ಮೆಶಿನ್ನಿನಲ್ಲಿ ಒಂದು ಪ್ರತಿ?"

ಲಾ ಪಾಯಿಂಟು ಕಿವಿ ಮುಟ್ಟಿಕೊಂಡ. "ಛೆ ಛೆ! ಕೋರ್ಟಲ್ಲಿ ಪ್ರತಿ ನಡೆಯೋಲ್ಲ. ಮೂಲವೇ ಬೇಕು. ಪ್ರತಿ ಮಾಡಿ ಹೊಟ್ಟೆ ಹೊರೆಯೋನು ಹೇಳ್ತಿದ್ದೀನಿ, ನಂಬಿ."

"ಮೂಲ ಅಂದ್ರೆ ಶಟರೇ ಆಯ್ತಲ್ಲ!"

ಮಾತು ಬಾಯಿಂದ ಬಿದ್ದ ಮೇಲೆ ಬೀಗದಣ್ಣನಿಗೇ ಅದು ಬಹಳ ಇಷ್ಟವಾಯಿತು. ಚೀಲ ಬಿಚ್ಚಿದ. ಶಟರಿನ ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ನಡುವಿನದೊಂದನ್ನು ಪಕ್ಕಕ್ಕೆ ಜಾರಿಸಿ ಹೊರಗೆಳೆದರೆ ಕೆಳಗಿನ ಭಾಗವೆಲ್ಲ ಒಟ್ಟಿಗೇ ಕೈಗೆ ಬರುತ್ತದೆ. ಅವನು ಎಳೆದ. ಶಟರಿನ ಅರ್ಧ, ಬೀಗದ ಸಮೇತ, ಗುಲಾಬಿ ಕಾಗದದ ಸಮೇತ, ಢಣಾರೆಂದು ಬೀದಿಗೆ ಬಿತ್ತು.

ಆಗ ಹೆಂಡತಿ ಬಂದಳು. ಸುದ್ದಿ ಮನೆಯವರೆಗೂ ಹೋಗಿತ್ತು. ಅರ್ಧ ಬಾಯಿ ತೆರೆದುಕೊಂಡು ನಿಂತ ಅಂಗಡಿಯನ್ನು ನೋಡಿದಳು. "ಒಳಗೆ ಬರದಂಗೆ ತಡೀಬೇಕು ಅಂತ ಹೊರಟೋರು ಬಾಗಿಲನ್ನೇ ಕಿತ್ತುಬಿಟ್ರಾ?"

"ಸಾಕ್ಷಿ ಕಣೇ. ನೀನು ಇಲ್ಲೇ ಕೂತ್ಕೋ. ಯಾರು ಬಂದ್ರೂ ಬಿಡಬೇಡ."

"ನಾನೇನು ಬೀಗವಾ?" ಅಂದಳು ಅವಳು. ಆದರೂ ಸ್ಟೂಲು ಎಳೆದು ಬಾಗಿಲಿಗೆ ಅಡ್ಡವಾಗಿ ಕೂತಳು. ನೋಡಿದವರಿಗೆ ಶಟರಿಗಿಂತ ಅವಳೇ ಗಟ್ಟಿ ಅನ್ನಿಸುವ ಹಾಗಿತ್ತು.

ಗೂಡ್ಸ್ ಆಟೋದಲ್ಲಿ ಶಟರು, ಬೀಗದಣ್ಣ, ಲಾ ಪಾಯಿಂಟು ಮತ್ತು ಹೊಲಿಗೆಯಕ್ಕ ಕೋರ್ಟಿಗೆ ಹೊರಟರು. ಹೊಲಿಗೆಯಕ್ಕನನ್ನು ಯಾರೂ ಕರೆದಿರಲಿಲ್ಲ. ಕಾಗದ ತನ್ನದು, ತಾನಿಲ್ಲದೆ ಹೇಗೆ ನಡೆದೀತು ಎಂದು ಅವಳೇ ಹತ್ತಿ ಕೂತಿದ್ದಳು.

ಗೇಟಿನಲ್ಲಿ ಕಾವಲಿನವನು ತಡೆದ. "ಏನಿದು?"

"ಸಾಕ್ಷಿ" ಅಂದ ಬೀಗದಣ್ಣ.

"ಸಾಕ್ಷಿಗಳು ಆ ಕಡೆ ಗೇಟಿಂದ ಬರಬೇಕು. ಗುರುತಿನ ಚೀಟಿ ಇದೆಯಾ?"

"ಶಟರಿಗಾ?"

"ಯಾರಿಗಾದ್ರೂ ಸರಿ."

ಕೊನೆಗೆ ಹೊಲಿಗೆಯಕ್ಕ ತನ್ನ ಚೀಟಿ ತೋರಿಸಿ, ಶಟರು ತನ್ನ ಜೊತೆಗಿದೆ ಎಂದು ಬರೆಸಿ ಒಳಗೆ ಬಿಡಿಸಿದಳು. ಕಾರಿಡಾರಿನಲ್ಲಿ ಅದು ಗೋಡೆಗೆ ತಾಗಿದಾಗಲೆಲ್ಲ ಗುಡುಗಿದಂತಾಗುತ್ತಿತ್ತು. ಬೆಂಚುಗಳ ಮೇಲೆ ತೂಕಡಿಸುತ್ತಿದ್ದ ಕಕ್ಷಿದಾರರು ತಮ್ಮ ಕೇಸೇ ಕೂಗಿದರೆಂದು ಎದ್ದು ನಿಂತರು.

ಲಾ ಪಾಯಿಂಟಿಗೆ ಗೊತ್ತಿದ್ದ ವಕೀಲರು ತಮ್ಮ ಬೀರುವಿನ ಎದುರು ಕೈಚೆಲ್ಲಿ ನಿಂತಿದ್ದರು. ಕೀಲಿಕೈ ಕಳೆದುಹೋಗಿತ್ತು, ಕರಿ ಕೋಟು ಒಳಗಿತ್ತು. "ಕೋಟಿಲ್ಲದೆ ನಾನೂ ಕಕ್ಷಿದಾರನೇ ಕಣ್ರಪ್ಪ. ನಾಳೆ ಬನ್ನಿ" ಅನ್ನುತ್ತಿರುವಾಗಲೇ ಬೀಗದಣ್ಣ ಕಿವಿಯ ಹಿಂದಿನಿಂದ ತಂತಿಯೊಂದನ್ನು ತೆಗೆದು ತೂತಿಗೆ ಹಾಕಿದ. ಬೀರು ಟಕ್ಕೆಂದು ತೆರೆಯಿತು. ಕೋಟು ಸಿಕ್ಕಿತು. ಅದರ ಅಡಿಯಲ್ಲಿ ನಿನ್ನೆಯ ಊಟದ ಡಬ್ಬಿ, ಡಬ್ಬಿಯ ಅಡಿಯಲ್ಲಿ, ಕೋರ್ಟಿನವರೇ ಕಳೆದುಹಾಕಿದ್ದಾರೆಂದು ವಕೀಲರು ಯಾರಿಗೋ ಹೇಳುತ್ತ ಬಂದಿದ್ದ ಫೈಲೂ ಸಿಕ್ಕಿತು. ಅದನ್ನು ಬೇಗನೆ ಒಳಗೆ ತಳ್ಳಿ ಅವರು, "ಕೂತ್ಕೊಳ್ಳಿ. ಹೇಳಿ" ಅಂದರು.

ಕತೆ ಕೇಳಿದ ಮೇಲೆ ಎದ್ದುಹೋಗಿ ಕೋರ್ಟಿನ ಗುಮಾಸ್ತನ ಹತ್ತಿರ ಕಡತ ನೋಡಿ ಬಂದರು. ಮುಖ ಸಪ್ಪಗಾಗಿತ್ತು.

"ಒಂದು ಒಳ್ಳೇ ಅವಕಾಶ ತಪ್ಪಿಹೋಗಿದೆ. ಸಮನ್ಸು ತಂದವನು ಮೊದಲನೇ ಸಲ ಬಂದಾಗ ನೀವು ಅಂಗಡೀಲಿ ಇರಲಿಲ್ಲ. ಪಕ್ಕದ ಹೊಲಿಗೆ ಅಂಗಡಿಯವರು ನೀವು ತೀರಿಕೊಂಡಿದ್ದೀರಿ ಅಂತ ಹೇಳಿದ್ರಂತೆ."

ಹೊಲಿಗೆಯಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನಾನೆಲ್ಲಿ ಹಾಗಂದೆ? ಯಾರೋ ಬಂದು ಬೀಗದವರು ಎಲ್ಲಿ ಅಂತ ಕೇಳಿದ್ರು. ಹೋಗ್ಬಿಟ್ರು ಅಂದೆ. ಯಾವಾಗ ಅಂದ್ರು. ಈಗ ತಾನೇ, ಇಷ್ಟು ಹೊತ್ತೂ ಚೆನ್ನಾಗೇ ಮಾತಾಡ್ತಾ ಇದ್ರು ಅಂದೆ. ಆ ಮನುಷ್ಯ ಯಾಕೋ ಕಣ್ಣೊರೆಸಿಕೊಂಡ. ಪಾಪ, ಅವನ ಮನೇಲೇ ಏನೋ ಕಷ್ಟ ಇರಬೇಕು ಅಂದ್ಕೊಂಡೆ."

"ಅದು ಹಾಗೇ ಉಳಿದಿದ್ರೆ ಎಷ್ಟು ಚೆನ್ನಾಗಿತ್ತು" ವಕೀಲರು ನಿಟ್ಟುಸಿರಿಟ್ಟರು. "ಸತ್ತವರ ಮೇಲೆ ಆದ ತೀರ್ಪು ನಡೆಯೋದೇ ಇಲ್ಲ. ಆದ್ರೆ ಮಾಲೀಕರು ನಿಮ್ಮನ್ನ ಬೀದೀಲಿ ನೋಡಿದ್ದೀನಿ ಅಂತ ಕೋರ್ಟಿಗೆ ಹೇಳಿಬಿಟ್ರು. ಆಮೇಲೆ ಅಂಟಿಸಿದ್ರು. ನೀವು ಬದುಕಿರೋದೇ ಈಗ ನಮಗೆ ತೊಡಕು."

"ಅದಕ್ಕೆ ನಾನೇನೂ ಮಾಡೋಕಾಗಲ್ಲ ಸಾರ್" ಬೀಗದಣ್ಣ ಖಡಾಖಂಡಿತವಾಗಿ ಹೇಳಿದ. "ತೀರ್ಪಲ್ಲಿ ಏನು ಬರೆದಿದ್ದಾರೆ? ಓದಿ ನೋಡಬೇಡವಾ?"

"ಪ್ರತಿ ಸಿಗೋಕೆ ದಿನಗಟ್ಟಲೆ ಆಗುತ್ತೆ. ಅಮೀನ ಸಂಜೆ ಬರ್ತಾನೆ. ಅವನ ವಾರಂಟಿನಲ್ಲಿ ಜಾಗ ಬಿಡಬೇಕು ಅಂತಿದೆಯಲ್ಲ, ಅಷ್ಟು ಸಾಕು. ನೋಡಿ, ತೀರ್ಪಿನಲ್ಲಿ ಏನಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಕೇಸು ನಡೆದದ್ದೇ ನಮಗೆ ಗೊತ್ತಿರಲಿಲ್ಲ ಅನ್ನೋದು ಮುಖ್ಯ."

"ಲಾ ಪಾಯಿಂಟ್" ಎಂದು ಲಾ ಪಾಯಿಂಟು ತಲೆದೂಗಿದ.

ಟೈಪಿಸ್ಟ್ ಹುಡುಗಿ ಅರ್ಜಿ ಹೊಡೆಯಲು ಕೂತಳು. ವಕೀಲರು ಹೇಳಿಕೊಟ್ಟದ್ದು ಬೀಗದಣ್ಣನಿಗೆ ತೀರಾ ಸಪ್ಪೆ ಅನ್ನಿಸಿತು. ಅದರಲ್ಲಿ ಬರೀ ವಿನಂತಿಯೇ ತುಂಬಿತ್ತು.

"ಇಷ್ಟು ಬಗ್ಗೋದು ಯಾಕೆ ಸಾರ್? ಕೊನೇಲಿ ಹೀಗೆ ಸೇರಿಸಮ್ಮ: ಈ ತೀರ್ಪಿನ ಒಂದು ಸಾಲೂ, ಒಂದು ಅಕ್ಷರವೂ, ಒಂದು ಚುಕ್ಕಿಯೂ ನನಗೆ ಒಪ್ಪಿಗೆ ಇಲ್ಲ. ಎಲ್ಲವನ್ನೂ ಬುಡಸಮೇತ ರದ್ದು ಮಾಡಬೇಕು."

"ಬುಡಸಮೇತ ಅನ್ನೋದು ಬೇಡ" ಅಂದರು ವಕೀಲರು. ಅವಳು ಆಗಲೇ ಹೊಡೆದಾಗಿತ್ತು.

ಅಮೀನ ಬಾಗಿಲಲ್ಲಿದ್ದಾನೆಂದು ತುರ್ತಾಗಿ ಬೇಡಿಕೊಂಡದ್ದರಿಂದ ಊಟದ ಹೊತ್ತಿನ ನಂತರ ಅರ್ಜಿ ವಿಚಾರಣೆಗೆ ಬಂತು. ಕೂಗಿದಾಗ ಬೀಗದಣ್ಣ, ಲಾ ಪಾಯಿಂಟು ಶಟರಿನ ಎರಡು ತುದಿ ಹಿಡಿದು ಒಳಗೆ ಬಂದರು. ಫ್ಯಾನಿನ ಗಾಳಿಗೆ ಗುಲಾಬಿ ಕಾಗದದ ಮೂಲೆ ಪಟಪಟ ಹಾರುತ್ತಿತ್ತು.

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ನೋಡಿದರು. ತಲೆನೋವು ಬರುವ ಮೊದಲೇ ಮಾತ್ರೆ ನುಂಗಿಟ್ಟುಕೊಂಡವರ ಹಾಗಿತ್ತು ಅವರ ಮುಖ.

"ಇದನ್ನ ಎಲ್ಲಿಂದ ತಂದ್ರಿ?"

"ಅಂಗಡಿಯಿಂದ ಮೇಡಂ. ನಾನೇ ಕಿತ್ತು ತಂದೆ" ಬೀಗದಣ್ಣ ಹೆಮ್ಮೆಯಿಂದ ಹೇಳಿದ. ಅವರು ಅದನ್ನು ಹಾಗೇ ಬರೆದುಕೊಂಡರು.

ಆಮೇಲೆ ಬಗ್ಗಿ ಕಾಗದದ ಅಡಿಯ ಕಾಗದ ನೋಡಿದರು. ಹೊಲಿಗೆಯಕ್ಕನನ್ನು ಕರೆಸಿ ಕೇಳಿದರು. "ಇದನ್ನ ಅಂಟಿಸಿದ್ದು ನೀವಾ?"

"ಹೌದು ಮೇಡಂ. ಬೆಳಗಿನ ತರಗತಿಯಲ್ಲಿ ಇನ್ನೂ ಜಾಗ ಇದೆ. ತಾವು ಬರೋದಾದ್ರೆ…"

"ಇವರು ತೀರಿಕೊಂಡಿದ್ದಾರೆ ಅಂತ ಹೇಳಿದ್ದೂ ನೀವೇನಾ?"

"ಹೋಗ್ಬಿಟ್ರು ಅಂದೆ ಮೇಡಂ. ಅವರು ಹೋಗಿದ್ದು ನಿಜ. ವಾಪಸ್ ಬಂದ್ರು."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ಎದುರಿನ ಬೆಂಚಿನಲ್ಲಿ ಮಾಲೀಕ ತನ್ನ ವಕೀಲನ ಪಕ್ಕ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕೂತಿದ್ದ. ಸುದ್ದಿ ತಿಳಿದು ಓಡಿಬಂದಿದ್ದನೆಂದು ಕಾಣುತ್ತದೆ, ಹಣೆ ಒದ್ದೆಯಾಗಿತ್ತು. ಬೀಗದಣ್ಣ ಅವನನ್ನು ದುರುಗುಟ್ಟಿ ನೋಡಿದ. ಅವನು ತಿರುಗಿ ದುರುಗುಟ್ಟಲಿಲ್ಲ. ಮುಗುಳ್ನಕ್ಕ.

"ಸಮನ್ಸು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನೋದು ನನಗೆ ಒಪ್ಪಿಗೆಯಾಗ್ತಾ ಇದೆ" ಅಂದರು ನ್ಯಾಯಾಧೀಶೆ. "ಆದ್ರೆ ಆ ತೀರ್ಪು ನಾನೇ ಬರೆದದ್ದು. ನೀವು ಅದನ್ನ ಓದಿದ್ದೀರಾ?"

"ಓದೋ ಅಗತ್ಯವೇ ಇಲ್ಲ ಮೇಡಂ!"

ವಕೀಲರು ಅವನ ಅಂಗಿಯ ತುದಿ ಎಳೆದರು. ಬೀಗದಣ್ಣ ಬಿಡಿಸಿಕೊಂಡ.

"ನೀವು ಬಂದಿರಲಿಲ್ಲ ನಿಜ. ಆದರೂ ನಿಮ್ಮ ಬಗ್ಗೆ ಯೋಚನೆ ಮಾಡಿಯೇ ಬರೆದಿದ್ದೆ."

"ನನ್ನ ಬಗ್ಗೆ ನಾನೇ ಯೋಚನೆ ಮಾಡ್ಕೋತೀನಿ ಮೇಡಂ. ನನ್ನ ಮಾತು ಕೇಳದೆ ಬರೆದದ್ದು ಬಂಗಾರದ ಅಕ್ಷರದಲ್ಲಿದ್ರೂ ನನಗೆ ಬೇಡ. ಸಹಜ ನ್ಯಾಯ!"

ಬಾಗಿಲ ಬಳಿ ನಿಂತ ಕಕ್ಷಿದಾರರಲ್ಲಿ ಯಾರೋ "ಭೇಷ್" ಅಂದರು. ಬೀಗದಣ್ಣನ ಎದೆ ಇನ್ನಷ್ಟು ಉಬ್ಬಿತು.

ನ್ಯಾಯಾಧೀಶೆ ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾಲೀಕನ ವಕೀಲ ಕೂತ ಬೆಂಚಿಗೆ ಮುಳ್ಳು ಬಂದ ಹಾಗೆ ಎದ್ದು ನಿಂತ. "ಮೇಡಂ, ನಮ್ಮದೇನೂ ಆಕ್ಷೇಪಣೆ ಇಲ್ಲ. ಅರ್ಜಿದಾರರು ಕೇಳಿದ ಹಾಗೇ ಪೂರ್ತಿ ರದ್ದಾಗಲಿ."

ಬೀಗದಣ್ಣನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಬೆಳಗಿನಿಂದ ಹೊಡೆದಾಟಕ್ಕೆ ತಯಾರಾಗಿ ಬಂದವನಿಗೆ ಎದುರಾಳಿ ಕೈಮುಗಿದು ದಾರಿ ಬಿಟ್ಟರೆ ಹೇಗಿರುತ್ತದೆ? "ಆಕ್ಷೇಪಣೆ ಯಾಕಿಲ್ಲ? ಇರಲೇಬೇಕು! ಇಷ್ಟು ದೊಡ್ಡ ಶಟರು ಹೊತ್ಕೊಂಡು ಬಂದಿದ್ದೀನಿ!"

"ನೋಡಿ" ನ್ಯಾಯಾಧೀಶೆ ಅವನ ವಕೀಲರ ಕಡೆ ತಿರುಗಿದರು. "ಕೊನೇ ಸಲ ಕೇಳ್ತೀನಿ. ಪೂರ್ತಿ ರದ್ದಾಗಬೇಕಾ, ಇಲ್ಲಾ ಜಾಗ ಬಿಡೋ ಭಾಗಕ್ಕೆ ಮಾತ್ರ ತಡೆ ಸಾಕಾ?"

ವಕೀಲರು ಅನುಮಾನದಿಂದ ತಲೆ ಕೆರೆದುಕೊಂಡರು. "ಮೇಡಂ, ಒಂದು ನಿಮಿಷ, ನಮ್ಮ ಕಕ್ಷಿದಾರರ ಹತ್ತಿರ…"

"ಪೂರ್ತಿ!" ಬೀಗದಣ್ಣ ಕೂಗಿದ. "ಅರ್ಜೀಲಿ ಬರೆದಿದೆಯಲ್ಲ ಮೇಡಂ. ಬುಡಸಮೇತ!"

ಆದೇಶವಾಯಿತು. ತೀರ್ಪು ಬುಡಸಮೇತ ರದ್ದು. ಕೇಸು ಮೊದಲಿನಿಂದ ನಡೆಯತಕ್ಕದ್ದು. "ಆ ಶಟರನ್ನ ವಾಪಸ್ ತಗೊಂಡು ಹೋಗಿ" ಎಂದು ನ್ಯಾಯಾಧೀಶೆ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

ಹೊರಗೆ ಕಾರಿಡಾರಿನಲ್ಲಿ ಗೆದ್ದ ಕುಸ್ತಿಪಟುವಿನ ಹಾಗೆ ಬೀಗದಣ್ಣ ಎಲ್ಲರ ಕೈ ಕುಲುಕಿದ. ಪರಿಚಯವಿಲ್ಲದವರ ಕೈಯನ್ನೂ ಬಿಡಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ಅಮೀನರು ಬಂದಿದ್ದಾರೆ. ಜೊತೆಗೆ ಇನ್ನೊಬ್ಬ ಬೀಗದವನನ್ನೂ ಕರ್ಕೊಂಡು ಬಂದಿದ್ದಾರೆ. ಬೀಗ ಎಲ್ಲಿ ಅಂತ ಕೇಳ್ತಿದ್ದಾರೆ. ಕೋರ್ಟಿಗೆ ಹೋಗಿದೆ ಅಂದೆ. ವಾರಂಟಲ್ಲಿ ಬೀಗ ಒಡೆದು ಒಳಗೆ ಹೋಗಿ ಅಂತ ಇದೆಯಂತೆ. ಬೀಗ ಇಲ್ಲದೆ ಹೇಗೆ ಹೋಗೋದು ಅಂತ ಪಾಪ ತಲೆ ಮೇಲೆ ಕೈಹೊತ್ತು ಕೂತಿದ್ದಾರೆ. ಟೀ ಕೊಟ್ಟಿದ್ದೀನಿ."

"ಕುಡಿದು ಮನೆಗೆ ಹೋಗು ಅಂತ ಹೇಳು! ಗೆದ್ದುಬಿಟ್ಟೆ ಕಣೇ! ತೀರ್ಪೇ ಇಲ್ಲ ಈಗ!"

ಫೋನು ಜೇಬಿಗಿಟ್ಟು ತಿರುಗಿದರೆ ಎದುರಿಗೇ ಮಾಲೀಕ. ಬೀಗದಣ್ಣ ತೋಳು ಮಡಚಿದ. ಆದರೆ ಮಾಲೀಕ ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡ.

"ನಿಮ್ಮ ಉಪಕಾರವನ್ನ ಹೇಗೆ ತೀರಿಸಲಿ ಬೀಗದಣ್ಣ!"

"ಉಪಕಾರವಾ?"

"ಮತ್ತೇನು? ಆ ತೀರ್ಪು ಬಂದಾಗಿನಿಂದ ನನಗೆ ನಿದ್ದೆ ಇಲ್ಲ. ಕಟ್ಟಡ ಕೆಡವಬಹುದು ಅಂದ್ರು, ಆದ್ರೆ ಹೊಸ ಕಟ್ಟಡದಲ್ಲಿ ರಸ್ತೆ ಮೂಲೆಯ ಅಂಗಡಿ ನಿಮಗೇ ಕೊಡಬೇಕಂತೆ. ಈಗಿನದಕ್ಕಿಂತ ದೊಡ್ಡದು. ಬಾಡಿಗೆ ಮಾತ್ರ ಹಳೇದೇ. ನೀವು ಬದುಕಿರೋವರೆಗೂ ಎಬ್ಬಿಸೋ ಹಾಗಿಲ್ಲ. ಕಟ್ಟಡ ಮುಗಿಯೋ ತನಕ ಅದೇ ಬೀದೀಲಿ ಬೇರೆ ಜಾಗ, ಅದೂ ನನ್ನ ಖರ್ಚಲ್ಲಿ! ಬರದೇ ಇರೋ ಮನುಷ್ಯನಿಗೆ ಇಷ್ಟೆಲ್ಲ ಯಾಕೆ ಮೇಡಂ ಅಂದ್ರೆ, ಬರದೇ ಇದ್ದಾನಲ್ಲ, ಅದಕ್ಕೇ ಹೆಚ್ಚು ನೋಡ್ಕೋಬೇಕು ಅಂದ್ರು. ಬೇರೆ ದಾರಿ ಕಾಣದೆ ಅಮೀನನನ್ನ ಕಳಿಸಿದೆ. ನೀವು ದೇವರ ಹಾಗೆ ಬಂದು ಎಲ್ಲವನ್ನೂ ಬುಡಸಮೇತ ತೆಗೆಸಿಬಿಟ್ರಿ."

ಮಾಲೀಕ ಅವನ ಕೈಗಳನ್ನು ಇನ್ನೂ ಬಿಟ್ಟಿರಲಿಲ್ಲ.

"ಇನ್ನು ಕೇಸು ಮೊದಲಿಂದ ಅಲ್ವಾ? ಈ ಸಲ ಕೆಡವೋದು ಕಟ್ಟೋದು ಅಂತ ರಾಗ ಎಳೆಯಲ್ಲ. ಕಟ್ಟಡಕ್ಕೆ ಹಾನಿ ಮಾಡಿದ ಬಾಡಿಗೆದಾರನನ್ನ ಬಿಡಿಸಿಕೊಡಿ ಅಂತ ನೇರವಾಗಿ ಕೇಳ್ತೀನಿ. ಅಂಥವರಿಗೆ ಮೂಲೆ ಅಂಗಡಿ ಗೀಲೆ ಅಂಗಡಿ ಏನೂ ಇರಲ್ಲ. ಆ ಶಟರು ನಂದು ನೋಡಿ. ಕಿತ್ತದ್ದು ನೀವು. ಮೇಡಂ ಕೈಯಿಂದಲೇ ಬರೆಸಿದ್ದೀರಿ" ಎಂದು ಅವನ ಭುಜ ತಟ್ಟಿ ಮಾಲೀಕ ಹಗುರವಾಗಿ ಮೆಟ್ಟಿಲಿಳಿದು ಹೋದ.

ಲಾ ಪಾಯಿಂಟು ಯಾಕೋ ಜೆರಾಕ್ಸ್ ಯಂತ್ರ ಆರಿಸಿಲ್ಲವೆಂದು ನೆನಪಾದವನ ಹಾಗೆ ಗಡಿಬಿಡಿಯಿಂದ ಹೊರಟುಹೋದ. ಹೊಲಿಗೆಯಕ್ಕ ಮಾತ್ರ ಶಟರಿನ ಪಕ್ಕ ನಿಂತು, "ಬೀಗದಣ್ಣ, ದೊಡ್ಡ ಅಂಗಡಿ ಗುಡಿಸೋದು ಕಷ್ಟ" ಎಂದು ಸಮಾಧಾನ ಹೇಳಿದಳು.

ಬೀಗದಣ್ಣ ವಕೀಲರ ಮೇಜಿಗೆ ನುಗ್ಗಿದ. ಅವರು ಊಟದ ಡಬ್ಬಿ ಬಿಚ್ಚಿ ಮೂಸಿ ನೋಡುತ್ತಿದ್ದರು.

"ಸಾರ್, ಈಗ ಆಯ್ತಲ್ಲ ಆದೇಶ, ಅದನ್ನೂ ರದ್ದು ಮಾಡಿಸಿ! ಹಳೇ ತೀರ್ಪೇ ಇರಲಿ. ಬಹಳ ಒಳ್ಳೇ ತೀರ್ಪು ಅದು. ಒಂದೊಂದು ಅಕ್ಷರವೂ ನನಗೆ ಒಪ್ಪಿಗೆ!"

ವಕೀಲರು ಡಬ್ಬಿ ಮುಚ್ಚಿದರು. "ಏನಂತ ಅರ್ಜಿ ಹಾಕೋದು?"

"ಬೆಳಗ್ಗೆ ಹಾಕಿದ ಹಾಗೇ. ನನಗೆ ಗೊತ್ತಿರಲಿಲ್ಲ ಅಂತ."

"ಅದು ಗೈರುಹಾಜರಾದವರಿಗೆ ಮಾತ್ರ ಸ್ವಾಮಿ. ನೀವು ಖುದ್ದು ಹಾಜರಿದ್ರಿ. ಮೇಡಂ ಮೂರು ಸಲ ಕೇಳಿದ್ರು. ಪೂರ್ತಿ ಪೂರ್ತಿ ಅಂತ ನೀವು ಕೂಗಿದ್ದು ಮೇಲಿನ ಮಹಡೀವರೆಗೂ ಕೇಳಿಸಿರುತ್ತೆ."

"ಮೇಲಿನ ಮಹಡೀಲಿ ಏನಿದೆ?"

"ಮೇಲಿನ ಕೋರ್ಟು."

ಬೀಗದಣ್ಣ ಅಂಗಿಯ ತೋಳು ಮಡಚಿ ಕಾರಿಡಾರಿಗೆ ಬಂದ. ಶಟರಿನ ಒಂದು ತುದಿಯನ್ನು ತಾನೇ ಎತ್ತಿದ, ಇನ್ನೊಂದು ತುದಿಯನ್ನು ಹೊಲಿಗೆಯಕ್ಕ ಹಿಡಿದಳು. ಇಬ್ಬರೂ ಮೆಟ್ಟಿಲ ಕಡೆ ನಡೆದರು.

"ಎಲ್ಲಿಗ್ರೀ ಹೊರಟ್ರಿ?" ವಕೀಲರು ಹಿಂದಿನಿಂದ ಕೂಗಿದರು. "ಹೊತ್ತಾಯ್ತು! ಅವರು ಮುಚ್ಚಿ ಬೀಗ ಹಾಕ್ಕೊಂಡು ಹೋಗಿರ್ತಾರೆ!"

"ಹಾಕಿರಲಿ ಬಿಡಿ ಸಾರ್" ಅಂದ ಬೀಗದಣ್ಣ, ಮೊದಲ ಮೆಟ್ಟಿಲಿಗೆ ಕಾಲಿಡುತ್ತ. "ಅದೊಂದು ನನಗೆ ಗೊತ್ತಿರೋ ಕೆಲಸ."